ಸಿದ್ರ್ ಮರದ ಕೆಳಗೆ ಕೆಂಡ

೧೪ ನವೆಂಬರ್, ಗುರುವಾರ

ಬೆಳಿಗ್ಗೆ ಪಾರ್ಕಿನ ಬೇಲಿಯಲ್ಲಿ, ಬೋಗನ್‌ವಿಲ್ಲಾದ ಮುಳ್ಳಿಗೆ ಒಂದು ಹಲ್ಲಿಯನ್ನು ಚುಚ್ಚಿಟ್ಟಿದ್ದನ್ನು ನೋಡಿದೆ. ಮುಳ್ಳು ಕತ್ತಿನ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಬಂದಿತ್ತು. ಬಾಲ ಇನ್ನೂ ಅಲುಗುತ್ತಿತ್ತು. ಯಾರೋ ಮನುಷ್ಯರೇ ಮಾಡಿದ್ದೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಕಣ್ಣಿಗೆ ಕಪ್ಪು ಪಟ್ಟಿ ಬಳಿದಂತಿದ್ದ ಬೂದು ಹಕ್ಕಿಯೊಂದು ಬಂದು ಕೂತು, ಹಲ್ಲಿಯ ಹೊಟ್ಟೆಯನ್ನು ಎಳೆದೆಳೆದು ತಿಂದಿತು. ಮೊಬೈಲಿನಲ್ಲಿ ಹುಡುಕಿದರೆ ಅದು ಕಳಿಂಗ ಹಕ್ಕಿಯಂತೆ. ಚಳಿಗಾಲಕ್ಕೆ ಇಲ್ಲಿಗೆ ಬರುತ್ತದೆ. ಹಿಡಿದದ್ದನ್ನು ಮುಳ್ಳಿಗೆ ಸಿಕ್ಕಿಸಿಟ್ಟು ತಿನ್ನುವುದು ಅದರ ಪದ್ಧತಿ.

ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಕನ್ನಡ ಎಂ.ಎ. ಮಾಡಿದವಳಿಗೆ ಕುವೈತಿನಲ್ಲಿ ಹುಲ್ಲು ಕಾಯುವ ಕೆಲಸ ಎಂದು ದೊಡ್ಡಮ್ಮ ಅಬ್ಬಾಸಿಯಾದ ಪರಿಚಯದವರ ಮುಂದೆಲ್ಲ ನಗುತ್ತಾಳೆ. ಕೆಲಸ ಕೊಡಿಸಿದ್ದೂ ಅವಳೇ. ಅವಳು ಕೆಲಸ ಮಾಡುವ ಕ್ಲಿನಿಕ್ಕಿಗೆ ನಮ್ಮ ಇಂಜಿನಿಯರ್ ಅನಂತರಾಮು ಬೆನ್ನುನೋವಿಗೆ ಬರುತ್ತಿದ್ದರು. ಬಲದಿಯಾದ, ಅಂದರೆ ಇಲ್ಲಿನ ನಗರಸಭೆಯ, ಪಾರ್ಕುಗಳನ್ನು ನೋಡಿಕೊಳ್ಳುವ ಗುತ್ತಿಗೆ ಅವರ ಕಂಪನಿಯದು. ಇಂಗ್ಲಿಷಿನಲ್ಲಿ ವರದಿ ಬರೆಯುವವರು ಬೇಕಿತ್ತು.

ವರದಿ ಬರೆಯುವುದು ಕಷ್ಟವಲ್ಲ. ನೀರು ಎಲ್ಲಿ ಸೋರುತ್ತಿದೆ, ಔಷಧಿ ಹೊಡೆಯುವವರು ಮಾಸ್ಕ್ ಹಾಕಿದ್ದಾರೋ ಇಲ್ಲವೋ, ಯಾರು ಕೊಂಬೆ ಕಡಿದರು, ಯಾರು ಹುಲ್ಲಿನ ಮೇಲೆ ಒಲೆ ಹಚ್ಚಿದರು. ಕಷ್ಟವೆಂದರೆ ಒಲೆ ಹಚ್ಚಿದವರ ಬಳಿ ಹೋಗಿ ಆರಿಸಿ ಎಂದು ಹೇಳುವುದು. ಹೇಳಬೇಕಾದವಳು ಮೇಲ್ವಿಚಾರಕಿ. ನಾನು ಗಾಡಿಯಿಂದ ಇಳಿಯುವುದೇ ಇಲ್ಲ. ಹಾಗಾಗಿ ಒಂದು ಏರ್ಪಾಡಾಗಿದೆ. ನಾನು ಪಿಕಪ್ಪಿನ ಕಿಟಕಿಯಿಂದ ಕೈ ಎತ್ತಿದರೆ ತೋಟಗಾರ ರಹ್ಮತ್ ಹೋಗಿ ಹೇಳುತ್ತಾನೆ. ಉಪ್ಪಿನಂಗಡಿಯವನು, ನಲವತ್ತು ದಾಟಿದವನು, ಅರಬ್ಬಿಯನ್ನು ನೀರು ಕುಡಿದಂತೆ ಮಾತಾಡುತ್ತಾನೆ. ಎದೆಯ ಮೇಲೆ ಕೈಯಿಟ್ಟು, ಸ್ವಲ್ಪ ಬಾಗಿ, ಮೊದಲು ಮಕ್ಕಳ ಕ್ಷೇಮ ವಿಚಾರಿಸಿ, ಆಮೇಲೆ ಒಲೆಯ ವಿಷಯಕ್ಕೆ ಬರುತ್ತಾನೆ. ಹೆಚ್ಚಿನವರು ನಕ್ಕು ಆರಿಸುತ್ತಾರೆ.

ಡ್ರೈವರ್ ಧನರಾಜ್ ಅವನಿಗೆ ‘ಮೇಡಮ್ಮನ ನಾಲಗೆ’ ಎಂದು ಹೆಸರಿಟ್ಟಿದ್ದಾನೆ. “ನಾಲಗೆ ಇವತ್ತು ರಜೆ ಮಾಡಿದೆಯಾ ಮೇಡಂ? ಹಾಗಾದ್ರೆ ನಾವಿವತ್ತು ಮೂಗರು.”

೨೨ ನವೆಂಬರ್, ಶುಕ್ರವಾರ

ಪಾರ್ಕಿನ ಹಿಂಭಾಗದ ಮರಗಳ ನಡುವೆ ಕೆಲವರು ಬಲೆ ಕಟ್ಟಿದ್ದರು. ಕೂದಲಿನಷ್ಟು ತೆಳ್ಳಗಿನ ಬಲೆ. ಹತ್ತಿರ ಹೋಗುವವರೆಗೆ ಕಾಣಲಿಲ್ಲ. ಅದರಲ್ಲಿ ಬುಲ್‌ಬುಲ್‌ಗಳು ಒದ್ದಾಡುತ್ತಿದ್ದವು. ಒಬ್ಬ ಒಂದೊಂದನ್ನೇ ಬಿಡಿಸಿ, ಬಾಟಲಿಯ ಮುಚ್ಚಳ ತಿರುಗಿಸಿದಂತೆ ಕತ್ತು ತಿರುಗಿಸಿ, ಚೀಲಕ್ಕೆ ಹಾಕುತ್ತಿದ್ದ. ಹಾಕುತ್ತಲೇ ಫೋನಿನಲ್ಲಿ ಯಾರೊಡನೆಯೋ ನಗುತ್ತ ಮಾತಾಡುತ್ತಿದ್ದ.

ನಾನು ಕೈ ಎತ್ತಿದೆ. ರಹ್ಮತ್ ಹೋದ. ಅವನು ಎದೆಯ ಮೇಲಿಟ್ಟ ಕೈಯನ್ನು ತೆಗೆಯುವ ಮೊದಲೇ ಒಬ್ಬ ಅವನ ತಲೆಯ ಹಿಂಭಾಗಕ್ಕೆ ಹೊಡೆದ. ಟೊಪ್ಪಿ ಹಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳುವಾಗ ಇನ್ನೊಂದು ಏಟು ಬಿತ್ತು. ರಹ್ಮತ್ ನಗುತ್ತಲೇ ಏನೋ ಹೇಳಿದ. ಪರಿಸರ ಪೊಲೀಸರ ಹೆಸರೆತ್ತಿರಬೇಕು. ಬಲೆ ಕಟ್ಟಿದವರು ಚೀಲ, ಬಲೆ ಎರಡನ್ನೂ ಬಿಟ್ಟು ಹೋದರು.

ಚೀಲದಲ್ಲಿ ಒಂದಕ್ಕೆ ಇನ್ನೂ ಜೀವವಿತ್ತು. ಎರಡೂ ರೆಕ್ಕೆ ಬುಡದಿಂದ ಕಿತ್ತುಬಂದಿದ್ದವು. ರಹ್ಮತ್ ಬಿಸ್ಮಿ ಎಂದು ದೇವರ ಹೆಸರು ಹೇಳಿ ಹೆಬ್ಬೆರಳಿನಿಂದ ಅದರ ಕತ್ತು ಒತ್ತಿದ. ನಾನು ಪಂಪ್ ಮನೆಯ ಹಿಂದೆ ಹೋಗಿ ವಾಂತಿ ಮಾಡಿದೆ.

“ನಿಮಗೆ ನೋವಾಯ್ತಾ?” ಎಂದು ಕೇಳಿದ್ದಕ್ಕೆ, “ಇದಕ್ಕೆಲ್ಲ ನೋವು ಅಂತ ಕೂತ್ರೆ ಗಲ್ಫಲ್ಲಿ ಬದುಕ್ಲಿಕ್ಕುಂಟಾ ಮೇಡಂ? ಮೇಷ್ಟ್ರು ಇದಕ್ಕಿಂತ ಗಟ್ಟಿ ಹೊಡೀತಿದ್ರು,” ಎಂದ.

೯ ಡಿಸೆಂಬರ್, ಸೋಮವಾರ

ಅಪ್ಪಿ ಮಾಸ್ಕ್ ಇಲ್ಲದೆ ಔಷಧಿ ಹೊಡೆಯುತ್ತಿದ್ದ. ಅಪ್ಪಿ ಕಾರ್ಕಳದವನು, ಬಾಯಿಗಿಂತ ಕೈ ಮುಂದು. ರಹ್ಮತ್ ದೂರದಲ್ಲಿದ್ದನೆಂದು ಧನರಾಜನಿಗೇ ಹೇಳು ಎಂದೆ. ಧನರಾಜನಿಗೆ ನೆಟ್ಟಗೆ ಹೇಳಿ ಗೊತ್ತಿಲ್ಲ.

“ಓ ಅಪ್ಪಿ, ಮಾಸ್ಕ್ ಹಾಕ್ಕೊ ಮಾರಾಯ. ನಿನ್ನ ಮುಸುಡಿ ನೋಡಿಯೇ ಹುಳ ಸಾಯ್ತದೆ, ಆಮೇಲೆ ಔಷಧಿ ಖರ್ಚಾಗುದಿಲ್ಲ.”

ಅಪ್ಪಿ ಔಷಧಿ ಹೊಡೆಯುವ ಹಿತ್ತಾಳೆಯ ಕೊಳವೆಯನ್ನೇ ಬೀಸಿದ. ಧನರಾಜನ ಹುಬ್ಬು ಸೀಳಿತು. ಅವನು ಅಪ್ಪಿಯ ಕೂದಲು ಹಿಡಿದು ನೀರಿನ ಡ್ರಮ್ಮಿಗೆ ಮುಖ ಮುಳುಗಿಸಿದ; ಅಪ್ಪಿಯ ಕಾಲು ನೆಲವನ್ನು ಒದೆಯುತ್ತಿತ್ತು. ಗುಳ್ಳೆಗಳು ನಿಲ್ಲುವುದರೊಳಗೆ ರಹ್ಮತ್ ಓಡಿಬಂದು ಧನರಾಜನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಆಮೇಲೆ ಮೂವರೂ ಒಂದೇ ಲೋಟದಲ್ಲಿ ಚಹಾ ಕುಡಿದರು.

ಹುಬ್ಬಿನ ರಕ್ತ ಮೊದಲು ತೆಳ್ಳಗೆ, ಆಮೇಲೆ ದಪ್ಪಗೆ ಇಳಿಯುತ್ತದೆ. ಕಣ್ಣಿನ ಮೂಲೆಯಲ್ಲಿ ನಿಂತು, ತುಂಬಿ, ಮತ್ತೆ ಹರಿಯುತ್ತದೆ. ಪೂರ್ತಿ ನೋಡಿದೆ. ವಾಂತಿ ಬರಲಿಲ್ಲ.

೨೦ ಡಿಸೆಂಬರ್, ಶುಕ್ರವಾರ

ರಾಯ್ ಎಂಬ ಬಡಾವಣೆಯ ಕಡೆಯ ಪಾರ್ಕು. ರಜೆಯ ದಿನವಾದ್ದರಿಂದ ಜನ ತುಂಬಿದ್ದರು. ನಮ್ಮ ಎಲಚಿಯ ಜಾತಿಯ ದೊಡ್ಡ ಸಿದ್ರ್ ಮರದ ಬುಡದಲ್ಲಿ ಒಂದು ಸಂಸಾರ ಜಮಖಾನ ಹಾಸಿ ಕೂತಿತ್ತು. ಕಬ್ಬಿಣದ ಒಲೆಯನ್ನು ಬೇರಿನ ಮೇಲೆಯೇ ಇಟ್ಟಿದ್ದರು. ತೊಗಟೆ ಕಪ್ಪಾಗಿ ಹೊಗೆಯಾಡುತ್ತಿತ್ತು. ಒಲೆ ಹಚ್ಚುವ ಜಾಗ ಯಾವುದೆಂದು ತೋರಿಸುವ ಫಲಕ ಎದುರಿಗೇ ಇತ್ತು.

ಕೈ ಎತ್ತಿದೆ. ರಹ್ಮತ್ ಹೋದ.

ಬೂದು ಟ್ರ್ಯಾಕ್ ಸೂಟಿನ ಗಂಡಸು ಮೊದಲು ತಲೆ ಎತ್ತಲಿಲ್ಲ. ರಹ್ಮತ್ ಮಕ್ಕಳನ್ನು ನೋಡಿ ಏನೋ ಹೇಳಿದ, ಮರವನ್ನು ತೋರಿಸಿದ, ಫಲಕವನ್ನು ತೋರಿಸಿದ. ಆ ಮನುಷ್ಯ ಎದ್ದ. ಒಲೆಯನ್ನು ಒದ್ದ. ಕೆಂಡ ರಹ್ಮತ್‌ನ ಕಾಲಿನ ಮೇಲೆ ಚೆಲ್ಲಿತು. ಅವನು ಕುಣಿದ ಹಾಗೆ ಹಿಂದೆ ಸರಿದ. ಅದನ್ನು ನೋಡಿ ಪಕ್ಕದ ಜಮಖಾನದವರು ನಕ್ಕರು. ಆ ಮನುಷ್ಯ ಬಗ್ಗಿ, ಸಟ್ಟುಗದ ತುಂಬ ಕೆಂಡ ತೆಗೆದು ರಹ್ಮತ್‌ನ ಮುಖದತ್ತ ಎರಚಿದ. ಮುಖ ತಿರುಗಿಸಿದ್ದರಿಂದ ಕತ್ತಿಗೆ ಬಿತ್ತು. ಕಾಲರಿನ ಒಳಗೆ ಇಳಿಯಿತು.

ರಹ್ಮತ್ ಕೂಗಿದ್ದು ಯಾವ ಭಾಷೆಯೂ ಆಗಿರಲಿಲ್ಲ.

ಅಂಗಿ ಹರಿದುಕೊಳ್ಳುತ್ತಿದ್ದವನ ಬೆನ್ನಿಗೆ, ಕಿವಿಗೆ, ಕಬ್ಬಿಣದ ಚಿಮಟದಿಂದ ಹೊಡೆತಗಳು ಬಿದ್ದವು. ಸುಟ್ಟ ಕೂದಲಿನ ವಾಸನೆ ಗಾಡಿಯವರೆಗೆ ಬಂತು. ರಹ್ಮತ್ ಎರಡೂ ಕೈಯಿಂದ ಅವನನ್ನು ನೂಕಿದ, ಒಂದೇ ಸಲ. ಆ ಮನುಷ್ಯ ಹಿಂದಕ್ಕೆ ಕಲ್ಲಿನ ಅಂಚಿನ ಮೇಲೆ ಬಿದ್ದ. ಅವನ ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಹೆಂಗಸರು ಕಿರುಚಿದರು. ಅವರ ಪೈಕಿ ಒಬ್ಬ ಮುದುಕಿ ಮಾತ್ರ ನೀರಿನ ಬಾಟಲಿ ತಂದು ರಹ್ಮತ್‌ನ ಕತ್ತಿನ ಮೇಲೆ ಸುರಿದಳು. ಸುರಿಯುತ್ತ ಅಳುತ್ತ ತನ್ನ ಮಗನನ್ನೇ ಬೈಯುತ್ತಿದ್ದಳು.

ಧನರಾಜ್ ಆಗಲೇ ಗಾಡಿಯಿಂದಿಳಿದು ಅವರತ್ತ ಓಡಿಹೋಗಿದ್ದ. ನನ್ನ ಬಲಗೈ ಇನ್ನೂ ಕಿಟಕಿಯ ಹೊರಗೆ ಎತ್ತಿದಂತೆಯೇ ಇತ್ತು. ಎಡಗೈ ಬಾಗಿಲಿನ ಹಿಡಿಯ ಮೇಲಿತ್ತು. ಬಾಗಿಲು ತೆರೆಯಲಿಲ್ಲ.

ಪೊಲೀಸರು ಬಂದು ಇಬ್ಬರನ್ನೂ ಆಸ್ಪತ್ರೆಗೆ ಒಯ್ದರು. ಆಸ್ಪತ್ರೆಯಿಂದ ಆ ಮನುಷ್ಯ ಮನೆಗೆ ಹೋದನಂತೆ. ರಹ್ಮತ್‌ನನ್ನು ಠಾಣೆಗೆ ಕರೆದೊಯ್ದರಂತೆ.

೨೧ ಡಿಸೆಂಬರ್, ಶನಿವಾರ

ದೊಡ್ಡಮ್ಮ ಮೀನು ಹುರಿಯುತ್ತಿದ್ದಳು. ಬಾಣಲೆಯನ್ನು ಕಿಟಕಿಯಿಂದ ಹೊರಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ.

೨೩ ಡಿಸೆಂಬರ್, ಸೋಮವಾರ

ಅನಂತರಾಮು ಆಫೀಸಿಗೆ ಕರೆಸಿ ಬಾಗಿಲು ಹಾಕಿಸಿದರು. ಸಕ್ಕರೆ ಇಲ್ಲದ ಚಹಾ ತರಿಸಿಕೊಟ್ಟರು.

“ನೋಡಮ್ಮ ನವ್ಯಶ್ರೀ, ಆ ಮನುಷ್ಯ ಕಂಪ್ಲೇಂಟ್ ಕೊಟ್ಟಿದ್ದಾನೆ. ತೋಟದ ಕೂಲಿಯವನು ಬಂದು ನಮ್ಮ ಹೆಂಗಸರ ಹತ್ರ ಅಸಭ್ಯವಾಗಿ ಮಾತಾಡ್ದ, ಕೇಳಿದ್ದಕ್ಕೆ ಕೈ ಮುರಿದ ಅಂತ.”

“ಸುಳ್ಳು,” ಎಂದೆ. ನನಗೇ ಕೇಳಿಸಲಿಲ್ಲ.

“ಸುಳ್ಳೋ ನಿಜವೋ, ಕೂಲಿಯವನು ಪಬ್ಲಿಕ್ ಹತ್ರ ಹೋಗಿದ್ದು ಯಾಕೆ? ಹೋಗೋಕೆ ಅವನಿಗೆ ಅಧಿಕಾರ ಇಲ್ಲ. ಸೂಪರ್‌ವೈಸರ್ ಮಾತ್ರ ಮಾತಾಡಬೇಕು ಅಂತ ಗುತ್ತಿಗೇಲೇ ಇದೆ. ಜನವರೀಲಿ ರಿನ್ಯೂವಲ್ ಇದೆ ಕಣಮ್ಮ. ನೀನು ಆವತ್ತು ಬೇರೆ ಪಾರ್ಕಲ್ಲಿದ್ದೆ. ಅವನು ತಾನಾಗೇ ಹೋದ. ಅರ್ಥ ಆಯ್ತಲ್ಲ?”

“ಅವನ ಗತಿ?”

“ನಾನು ಮಾತಾಡ್ತಿದ್ದೀನಿ. ಇಲ್ಲೆಲ್ಲ ರಾಜಿ ಆಗುತ್ತೆ. ತಲೆಗೊಂದು ಮುತ್ತು ಕೊಟ್ಟು ಕ್ಷಮಿಸಿ ಅಂದ್ರೆ ಖಲಾಸ್.”

ಎಷ್ಟು ಮೃದುವಾಗಿ ಮಾತಾಡುತ್ತಾರೆ. ಅವರ ಕತ್ತಿನ ಚರ್ಮ ಕಾಲರಿನ ಮೇಲೆ ಮಡಚಿಕೊಂಡಿರುತ್ತದೆ. ಅಲ್ಲಿ ಒಂದು ಕೆಂಡ ಇಟ್ಟರೆ ಎಷ್ಟು ಹೊತ್ತಿಗೆ ಒಳಗಿಳಿಯಬಹುದು ಎಂದು ಯೋಚಿಸುತ್ತ ಚಹಾ ಮುಗಿಸಿದೆ.

ಸಂಜೆ ಉಪ್ಪಿನಂಗಡಿಯಿಂದ ಫೋನ್ ಬಂತು. ರಹ್ಮತ್‌ನ ಹೆಂಡತಿ ಜೈನಬಾ. ಮಗಳೇ ಎಂಬಂತೆ ಮೋಳೇ ಎಂದೇ ಕರೆದಳು. ನಂಬರು ಅವನೇ ಯಾವಾಗಲೋ ಕೊಟ್ಟಿದ್ದನಂತೆ.

“ಮೋಳೇ, ಇವ್ರು ಮೂರು ದಿನ ಆಯ್ತು, ಫೋನ್ ಎತ್ತುದಿಲ್ಲ. ಮಗಳು ನಿಶಾಳಿಗೆ ನರ್ಸಿಂಗ್ ಕೊನೇ ವರ್ಷ. ಪರೀಕ್ಷೆ ಅಂತ ಅವಳಿಗೆ ಹೇಳ್ಲಿಲ್ಲ ನಾನು. ಎಂತದಾದ್ರೂ ಆಗಿದೆಯಾ?”

ಮೊಬೈಲ್ ಹಾಳಾಗಿದೆ ಎಂದೆ. ಸಲೀಸಾಗಿ ಬಂತು.

೨೫ ಡಿಸೆಂಬರ್, ಬುಧವಾರ

ಠಾಣೆಗೆ ಹೋಗಿದ್ದೆ. ರಹ್ಮತ್‌ನ ಇಕಾಮಾದ, ಅಂದರೆ ಇಲ್ಲಿ ವಾಸಿಸುವ ಪರವಾನಗಿ ಕಾರ್ಡಿನ, ಪ್ರತಿ ಕೊಡಬೇಕಿತ್ತು. ಅಧಿಕಾರಿ ಕಿರಿಯವನು, ಸಭ್ಯ. ಐದು ನಿಮಿಷ ಮಾತಾಡಲು ಬಿಟ್ಟ.

ರಹ್ಮತ್‌ನ ಕತ್ತಿಗೆ ಪಟ್ಟಿ ಕಟ್ಟಿದ್ದರು. ಅಂಚಿನಲ್ಲಿ ಹಳದಿ ನೀರು ಒಣಗಿತ್ತು. ತುಟಿ ಹೊಸದಾಗಿ ಒಡೆದಿತ್ತು.

“ಇದು ಒಳಗಿನದ್ದು ಮೇಡಂ,” ಎಂದ ತುಟಿ ಮುಟ್ಟಿಕೊಂಡು. “ಕಂಬಳಿಗೆ ಜಗಳ. ಒಬ್ಬ ದಾಂಡಿಗ ನನ್ನದನ್ನೂ ಎಳ್ಕೊಂಡ. ನಾನು ಬಿಡ್ಲಿಲ್ಲ. ಅವ ಗೋಡೆಗೆ ಹಾಕಿ ಗುದ್ದಿದ. ಕಂಬಳಿ ಮಾತ್ರ ನನ್ನ ಹತ್ರವೇ ಉಂಟು.”

ನಕ್ಕ. ಹಲ್ಲಿನ ನಡುವೆ ರಕ್ತ ಕಾಣಿಸಿತು.

ರಾಜಿ ಭಾನುವಾರ ಬೆಳಿಗ್ಗೆ ಎಂಟು ಗಂಟೆಗಂತೆ. ಆ ಮನುಷ್ಯ ಬರುತ್ತಾನೆ; ರಹ್ಮತ್ ತಾನಾಗಿಯೇ ಹೋದದ್ದು ತಪ್ಪಾಯಿತೆಂದು ಬರೆದುಕೊಟ್ಟು ಅವನ ತಲೆಗೆ ಮುತ್ತಿಡಬೇಕು. ಕೈ ಮುರಿದದ್ದಕ್ಕೆ ಅವನು ಕೊಟ್ಟ ದೂರು, ಕತ್ತು ಸುಟ್ಟದ್ದಕ್ಕೆ ರಹ್ಮತ್ ಕೊಟ್ಟ ದೂರು ಎರಡೂ ವಾಪಸಾಗುತ್ತವೆ.

“ನೀವು ಒಪ್ಪಿದಿರಾ?”

“ಎಂತ ಮಾಡುದು? ಮುತ್ತು ಕೊಟ್ರೆ ಸವೆದು ಹೋಗ್ತದಾ ಬಾಯಿ? ಮರುದಿವಸವೇ ಕೆಲಸಕ್ಕೆ ಬರ್ತೇನೆ. ನಿಶಾಳದ್ದು ಇನ್ನಾರು ತಿಂಗಳು. ಅದು ಮುಗಿದ್ರೆ ಮತ್ತೆ ಯಾರು ಎಂತ ಹೊಡೆದ್ರೂ ನಂಗೆ ತೊಂದರೆ ಇಲ್ಲ. ನಿಮ್ಮ ಹೆಸರು ನಾನು ಎಲ್ಲಿಯೂ ಹೇಳ್ಲಿಲ್ಲ ಮೇಡಂ. ನೀವು ಹೆದರ್ಬೇಡಿ.”

ನನಗೆ ಅವನ ಮೇಲೆಯೇ ಸಿಟ್ಟು ಬಂತು. ಪಟ್ಟಿಯ ಮೇಲೆ ಬೆರಳಿಟ್ಟು ಒತ್ತಬೇಕೆನ್ನುವಷ್ಟು. ಹೊರಗೆ ಬಂದು ಗೋಡೆಗೆ ಒದ್ದೆ. ಕಾಲ ಹೆಬ್ಬೆರಳಿನ ಉಗುರು ಎದ್ದಿದೆ.

೨೭ ಡಿಸೆಂಬರ್, ಶುಕ್ರವಾರ

ಇವತ್ತು ನಾನೇ ಇಳಿದು ಹೋದೆ. ನಾಲ್ವರು ಹುಡುಗರು, ನಮ್ಮ ಹಾಗೆಯೇ ಹೊರಗಿನಿಂದ ಬಂದು ಎಲ್ಲೋ ಅಂಗಡಿಯಲ್ಲಿ ದುಡಿಯುವವರಿರಬೇಕು, ಹೊಸ ಹುಲ್ಲಿನ ಮೇಲೆ ಒಲೆ ಹಚ್ಚಿದ್ದರು. ಮಮ್ನೂ, ಕೂಡದು, ಎಂದೆ. ಒಬ್ಬ ನನ್ನ ದನಿಯನ್ನೇ ಅಣಕಿಸಿದ: ಇಲಿಯ ಹಾಗೆ, ಮಮ್ನೂ ಮಮ್ನೂ. ಉಳಿದವರು ನಕ್ಕರು. ಅವರ ನೀರಿನ ಕ್ಯಾನನ್ನೇ ಎತ್ತಿ ಒಲೆಗೆ ಸುರಿದೆ. ಬೂದಿ, ಹಬೆ ಎಲ್ಲ ಮೇಲೆದ್ದಿತು. ಅಣಕಿಸಿದವನು ನನ್ನ ಕೈ ಹಿಡಿದ. ಕ್ಯಾನು ಅವನಿಗೆ ತಾಗಿತು. ಮತ್ತೆ ತಾಗಿತು. ಒಲೆಯ ಅಂಚು ತಗುಲಿ ನನ್ನ ಅಂಗೈ ಸ್ವಲ್ಪ ಸುಟ್ಟಿದೆ, ದೊಡ್ಡದಲ್ಲ. ಹುಲ್ಲು ಉಳಿಯಿತು.

ಧನರಾಜ್ ನನ್ನ ಸೊಂಟ ಹಿಡಿದು ಎಳೆದುಕೊಂಡು ಹೋಗಿ ಗಾಡಿಗೆ ಹಾಕಿದ. ಯಾಕೆ ಅಷ್ಟು ಗಡಿಬಿಡಿ ಮಾಡಿದನೋ.

“ನಿಮಗೆಂತ ಆಗಿದೆ ಮಾರಾಯ್ತಿ? ಅವ ಬಿದ್ದ ಮೇಲೆಯೂ ಹೊಡೀತಾ ಇದ್ರಲ್ಲ! ಮೂಗಲ್ಲಿ ರಕ್ತ ಸುರೀತಿತ್ತು, ನೋಡ್ಲಿಲ್ವಾ?”

“ಬಿದ್ದಿದ್ನಾ?” ಎಂದೆ.

ಅವನು ಗಾಡಿ ಹೊರಡಿಸಿದ. ಆ ಹುಡುಗರು ಪೊಲೀಸರಿಗೆ ಹೆದರಿ ಜಾಗ ಖಾಲಿ ಮಾಡಿದ್ದಾರಂತೆ. ಅಪ್ಪಿ ಫೋನ್ ಮಾಡಿ ಹೇಳಿದ.

ಅಬ್ಬಾಸಿಯಾದ ಸಿಗ್ನಲ್ಲಿನಲ್ಲಿ ಧನರಾಜ್ ಬಾಯಿಬಿಟ್ಟ. “ನಿಮಗೆ ಹೇಳ್ಬಾರ್ದು ಅಂತ ಉಂಟು. ಆದ್ರೂ ಹೇಳ್ತೇನೆ. ಭಾನುವಾರ ರೂಮಿಂದ ರಹ್ಮತನ ಪೆಟ್ಟಿಗೆ ಕಟ್ಟಿ ತರ್ಬೇಕಂತೆ. ಇಂಜಿನಿಯರ್ ಹೇಳಿದ್ದು. ಸೋಮವಾರ ಮಂಗ್ಳೂರಿಗೆ ಟಿಕೆಟ್.”

“ರಜೆಯಾ?”

“ಎಂತ ರಜೆ? ವೀಸಾವೇ ಕ್ಯಾನ್ಸಲ್. ತಾನಾಗಿ ಹೋದೆ, ತಪ್ಪಾಯ್ತು ಅಂತ ಅವನೇ ಬರ್ಕೊಟ್ಟ ಮೇಲೆ ಇಟ್ಕೊಳ್ತಾರಾ? ಅವನಿಗೆ ಗೊತ್ತಿಲ್ಲ, ಪಾಪ. ಮುತ್ತು ಕೊಟ್ಟು ಕೆಲಸಕ್ಕೆ ಬರ್ತೇನೆ ಅಂತ ಕೂತಿದ್ದಾನೆ.”

ಹಿಂದಿನ ಗಾಡಿಗಳು ಹಾರನ್ ಹೊಡೆದವು. ಹಸಿರು ಬಿದ್ದಿತ್ತು.

೨೮ ಡಿಸೆಂಬರ್, ಶನಿವಾರ

ಅನಂತರಾಮು ಮನೆಗೆ ಹೋದೆ. ಹೇಳದೆ ಕೇಳದೆ ಯಾರ ಮನೆಗೂ ಹೋದವಳಲ್ಲ. ಅವರು ಪೂಜೆ ಮುಗಿಸಿ ಪಂಚೆಯಲ್ಲಿದ್ದರು.

“ರಹ್ಮತ್‌ನ ಯಾಕೆ ಕಳಿಸ್ತಿದ್ದೀರಿ?” ಎಂದು ಬಾಗಿಲಲ್ಲೇ ಕೇಳಿದೆ.

“ಮೆಲ್ಲಗಮ್ಮ, ಅಕ್ಕಪಕ್ಕದವರು ಕೇಳಿಸ್ಕೊಳ್ತಾರೆ. ಒಳಗೆ ಬಾ.”

“ಇಲ್ಲೇ ಹೇಳಿ.”

ಅವರು ಚೌಕಟ್ಟಿಗೆ ಒರಗಿದರು. ಸುಸ್ತಾದವರಂತೆ ಕಂಡರು. “ನಾನೇನು ರಾಕ್ಷಸನಾ? ಮೇಲಿನವರು ಒಬ್ಬನ ತಲೆ ಕೇಳ್ತಿದ್ದಾರೆ. ಅವನು ತಾನಾಗಿ ಹೋದ ಅಂದ್ರೆ ಅವನು ಹೋಗ್ತಾನೆ. ನೀನು ಕಳಿಸ್ದೆ ಅಂತ ಪೊಲೀಸ್ ಕಾಗದದಲ್ಲಿ ಬಂದ್ರೆ ಅವನನ್ನ ಕಳಿಸೋಕಾಗಲ್ಲ. ಡ್ಯೂಟಿ ಮೇಲಿದ್ದವನು, ಏಟು ತಿಂದವನು. ಆಗ ನಿನ್ನನ್ನ ಕಳಿಸಬೇಕಾಗುತ್ತೆ. ನಿಮ್ಮ ದೊಡ್ಡಮ್ಮ ಕುಸುಮಾವತಿಯವರಿಗೆ ನಾನೇನು ಮುಖ ತೋರಿಸ್ಲಿ? ಚಿಕ್ಕವಳು, ಮುಂದೆ ಬಾಳಿ ಬದುಕೋಳು. ಸುಮ್ನಿರಮ್ಮ.”

ಬಾಗಿಲ ಪಕ್ಕದಲ್ಲಿ ಅವರು ಬೆಳೆಸಿದ ತುಳಸಿ ಕುಂಡವಿತ್ತು. ಅದನ್ನು ಎರಡೂ ಕೈಯಿಂದ ಎತ್ತಿದೆ. ಅವರು ಹಿಂದೆ ಸರಿದು ಮುಖಕ್ಕೆ ಮೊಣಕೈ ಅಡ್ಡ ಹಿಡಿದರು. ಅವರು ಹಾಗೆ ಹಿಡಿದದ್ದನ್ನು ನೋಡಿ ಕುಂಡವನ್ನು ಇದ್ದಲ್ಲೇ ಇಟ್ಟೆ. ಬಿಸಿಲು ಬೀಳುವ ಕಡೆಗೆ ಸ್ವಲ್ಪ ಸರಿಸಿಟ್ಟೆ ಅಷ್ಟೆ. ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದೆ.

ಮಧ್ಯಾಹ್ನ ಜೈನಬಾ ಮತ್ತೆ ಫೋನ್ ಮಾಡಿದಳು. ಈ ಸಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಕೆಂಡ, ಚಿಮಟ, ಠಾಣೆ, ಟಿಕೆಟ್.

“ಯಾರು ಮೋಳೇ ಅವರನ್ನು ಅಲ್ಲಿಗೆ ಕಳಿಸಿದ್ದು?”

“ನಾನು.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಅವರ ಕತ್ತು ತುಂಬ ಸುಟ್ಟಿದೆಯಾ?” ಎಂದು ಕೇಳಿದಳು. ಹೌದು ಎಂದೆ. ಫೋನ್ ಇಟ್ಟಳು.

ದೊಡ್ಡಮ್ಮ ಅಂಗೈಗೆ ಮುಲಾಮು ಹಚ್ಚುತ್ತ, “ಎಂತ ಮಗಾ ಇದು, ಪಾರ್ಕಲ್ಲಿ ಅಡುಗೆ ಮಾಡ್ತೀಯಾ?” ಎಂದಳು. ಅನಂತರಾಮು ಅವಳಿಗೆ ಇನ್ನೂ ಫೋನ್ ಮಾಡಿಲ್ಲವೆಂದು ಕಾಣುತ್ತದೆ. ನಾಳೆ ಹೇಗೂ ಗೊತ್ತಾಗುತ್ತದೆ. ಇವತ್ತು ನಿದ್ದೆ ಮಾಡಲಿ.

ನಾಳೆ ಠಾಣೆಗೆ ಅಧಿಕಾರಿ ಏಳಕ್ಕೆ ಬರುತ್ತಾನೆ; ರಾಜಿ ಎಂಟಕ್ಕೆ. ಅದಕ್ಕಿಂತ ಮೊದಲು ಹೇಳಿಕೆ ಬರೆಸಬೇಕು. ರಹ್ಮತ್‌ನನ್ನು ಕಳಿಸಿದವಳು ನಾನು, ಅದು ಕೆಲಸ, ಮೊದಲು ಒದ್ದದ್ದು ಯಾರು, ಕೆಂಡ ಎರಚಿದ್ದು ಯಾರು. ಅಷ್ಟಕ್ಕೆ ಸಾಕಾಗುವಷ್ಟು ಅರಬ್ಬಿ ನನಗೆ ಬರುತ್ತದೆ. ಬಾರದ ಕಡೆ ಇಂಗ್ಲಿಷು. ಆ ಮನುಷ್ಯ ಒಳಗೆ ಬಂದಾಗ ನನ್ನ ಕೈಗಳು ಮೇಜಿನ ಮೇಲೆಯೇ ಇರಬೇಕು, ಅದೊಂದು ನೆನಪಿಟ್ಟುಕೊಳ್ಳಬೇಕು.

ಬೆಳಿಗ್ಗೆ ಧನರಾಜ್ ಎಂದಿನಂತೆ ಪಾರ್ಕಿಗೆ ಕರೆದೊಯ್ಯಲು ಬರುತ್ತಾನೆ. ಠಾಣೆಗೆ ಬಿಡು ಎನ್ನುತ್ತೇನೆ. ಒಬ್ಬಳೇ ಯಾಕೆ, ನಾನು ಬಂದು ಹೇಳ್ತೇನೆ ಎಂದಾನು. ಬೇಡ. ಅವನು ಗಾಡಿಯಲ್ಲೇ ಕೂತಿರಲಿ.